ತಾರಸಿಯ ನೀರಿಗೊಂದು ಗಿಡದ ತೊಟ್ಟಿ: ಮಣ್ಣು ನೋಡಿ ತಳ ಕಟ್ಟೋಣ



ಮಳೆಗಾಲ ಬಂತೆಂದರೆ ನಮ್ಮ ಗಡಿ ಊರುಗಳಲ್ಲೆಲ್ಲ ಒಂದೇ ಮಾತು. ಅರ್ಧ ಗಂಟೆ ಜೋರು ಮಳೆ ಬಿದ್ದರೆ ಸಾಕು, ಚರಂಡಿ ಉಕ್ಕಿ ರಸ್ತೆಗೆ ಬರುತ್ತದೆ, ತಗ್ಗಿನ ಓಣಿಯ ಮನೆಗಳಿಗೆ ನೀರು ನುಗ್ಗುತ್ತದೆ. ಚರಂಡಿಯ ಹೂಳು ತೆಗೆಯುವುದು ಪುರಸಭೆ, ಪಂಚಾಯಿತಿಯವರ ಕೆಲಸ. ಅದನ್ನು ಕೇಳುತ್ತಲೇ ಇರೋಣ. ಆದರೆ ಚರಂಡಿಗೆ ಬೀಳುವ ನೀರಿನಲ್ಲಿ ದೊಡ್ಡ ಪಾಲು ನಮ್ಮ ತಾರಸಿಗಳದ್ದೇ. 1,000 ಚದರ ಅಡಿ ತಾರಸಿಯ ಮೇಲೆ 25 ಮಿ.ಮೀ. ಮಳೆಯಾದರೆ ಸುಮಾರು 2,300 ಲೀಟರ್ ನೀರು. ಮೊದಲು ಅಂಗಳದ ಮಣ್ಣು ಇದರಲ್ಲಿ ಒಂದಿಷ್ಟನ್ನು ಕುಡಿಯುತ್ತಿತ್ತು. ಈಗ ಅಂಗಳಕ್ಕೂ ಸಿಮೆಂಟು. ಮೇಲಿನ ಬೀದಿಯವರು ಬಿಟ್ಟ ನೀರು ಕೆಳಗಿನ ಬೀದಿಯವರ ಹೊಸ್ತಿಲು ದಾಟುತ್ತದೆ.

ಈ ನೀರನ್ನು ಸ್ವಲ್ಪ ಹೊತ್ತು ಹಿಡಿದಿಟ್ಟು ನಿಧಾನವಾಗಿ ಬಿಡುವ ಒಂದು ಉಪಾಯವನ್ನು ಇಲ್ಲಿ ವಿವರಿಸುತ್ತೇವೆ: ತಾರಸಿಯ ಪೈಪು ಬಂದು ಬೀಳುವ ಗಿಡದ ತೊಟ್ಟಿ.

ಪೋರ್ಟ್‌ಲೆಂಡ್ ನಗರದ ಪಾಠ

ಅಮೆರಿಕದ ಒರೆಗಾನ್ ರಾಜ್ಯದ ಪೋರ್ಟ್‌ಲೆಂಡ್‌ನಲ್ಲಿ ಹಳೆಯ ಬಡಾವಣೆಗಳ ಮಳೆನೀರೂ ಕೊಳಚೆನೀರೂ ಒಂದೇ ಪೈಪಿನಲ್ಲಿ ಹರಿಯುತ್ತಿದ್ದವು. ಮಳೆ ಬಂದಾಗ ಅದು ತುಂಬಿ ವಿಲಾಮೆಟ್ ನದಿಗೆ ಉಕ್ಕುತ್ತಿತ್ತು. ನಗರಾಡಳಿತ ದೊಡ್ಡ ಪೈಪುಗಳನ್ನು ಹಾಕಿತು. ಅದರ ಜೊತೆಗೆ 1993ರಿಂದ 2011ರವರೆಗೆ ಮನೆಮನೆಯ ತಾರಸಿ ಪೈಪುಗಳನ್ನು ಒಳಚರಂಡಿಯಿಂದ ಬಿಡಿಸಿ ತೋಟದ ಕಡೆಗೆ ತಿರುಗಿಸಿತು. ಹೀಗೆ ತಿರುಗಿಸಿದ ಪೈಪುಗಳು 50,000ಕ್ಕೂ ಹೆಚ್ಚು. 2005ರಲ್ಲಿ ಅಲ್ಲಿನ 12ನೇ ಅವೆನ್ಯೂ ರಸ್ತೆಯ ಬದಿಯಲ್ಲಿ ನಾಲ್ಕು ಗಿಡದ ತೊಟ್ಟಿಗಳನ್ನು ಸಾಲಾಗಿ ಕಟ್ಟಿದರು. ರಸ್ತೆಯ ನೀರು ಮೊದಲನೆಯದಕ್ಕೆ ಇಳಿಯುತ್ತದೆ, ತುಂಬಿದರೆ ಎರಡನೆಯದಕ್ಕೆ ಹೋಗುತ್ತದೆ. ಕೊನೆಯದೂ ತುಂಬಿದರೆ ಮಾತ್ರ ಚರಂಡಿಗೆ.

ತೊಟ್ಟಿಯೊಳಗೆ ಏನಿರಬೇಕು?

ತಳದಲ್ಲಿ ಅರ್ಧ ಅಡಿ ಜಲ್ಲಿ. ಅದರ ಮೇಲೆ ಒಂದೂವರೆ ಅಡಿ ಮರಳು, ಮಣ್ಣು, ಗೊಬ್ಬರ ಬೆರೆಸಿದ ಸಡಿಲ ಮಣ್ಣು. ಅದರ ಮೇಲೆ ನೀರು ನಿಲ್ಲಲು ಆರು ಇಂಚು ಖಾಲಿ ಜಾಗ. ಪೈಪಿನ ನೀರು ಬೀಳುವಲ್ಲಿ ನಾಲ್ಕು ಕಲ್ಲು ಇಡಿ, ಮಣ್ಣು ಕೊಚ್ಚಿಹೋಗುವುದಿಲ್ಲ. ಮೇಲ್ಭಾಗದಲ್ಲಿ ಹೆಚ್ಚಾದ ನೀರು ಚರಂಡಿಗೆ ಹೋಗಲು ಒಂದು ಪೈಪು ಇರಲೇಬೇಕು. ಇದನ್ನು ಮರೆತರೆ ತೊಟ್ಟಿಯ ನೀರೇ ಮನೆಯೊಳಗೆ ಬಂದೀತು.

ಗಿಡ ಆರಿಸುವಾಗ ಒಂದು ದಿನ ನೀರು ನಿಂತರೂ, ತಿಂಗಳು ಒಣಗಿದರೂ ತಡೆಯುವಂಥದ್ದನ್ನು ನೋಡಿ. ಲಾವಂಚ ಇದಕ್ಕೆ ಹೇಳಿಮಾಡಿಸಿದ್ದು. ಬೇಸಿಗೆಯಲ್ಲಿ ಒಂದಿಷ್ಟು ನೀರು ಹಾಕುವವರಿಗೆ ಕಾಬಾಳೆಯೂ ಆದೀತು.

ತಳ ತೆರೆದಿಡಬೇಕೋ, ಮುಚ್ಚಬೇಕೋ?

ಮುಖ್ಯ ಪ್ರಶ್ನೆ ಇದು. ಉತ್ತರ ಹೇಳುವುದು ನಿಮ್ಮ ಊರಿನ ಮಣ್ಣು.

ಹೊಸೂರಿನ ಕಡೆಯ ಕೆಂಪುಮಣ್ಣು, ಕಾಸರಗೋಡಿನ ಮುರಕಲ್ಲಿನ ನೆಲ ಹಲವೆಡೆ ನೀರು ಕುಡಿಯುತ್ತವೆ. ಅಂಥಲ್ಲಿ ತೊಟ್ಟಿಗೆ ತಳ ಬೇಡ. ನೀರು ನೆಲಕ್ಕೆ ಇಂಗಲಿ. ಆದರೆ ಗೋಡೆಯ ಪಾಯದಿಂದ ಹತ್ತು ಅಡಿಯಾದರೂ ದೂರವಿರಲಿ.

ಸೊಲ್ಲಾಪುರ, ಅಕ್ಕಲಕೋಟೆ, ಆದೋನಿ ಕಡೆಯ ಎರೆಮಣ್ಣು ಹಾಗಲ್ಲ. ಅದು ನೆನೆದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಪಾಯದ ಪಕ್ಕ ನೀರು ಇಂಗಿಸಿದರೆ ಗೋಡೆ ಸೀಳಬಹುದು. ಅಲ್ಲಿ ತಳವನ್ನೂ ಒಳಗೋಡೆಯನ್ನೂ ನೀರು ಸೋರದಂತೆ ಗಿಲಾವು ಮಾಡಿ, ಜಲ್ಲಿಯೊಳಗೆ ತೂತಿನ ಪೈಪು ಮಲಗಿಸಿ, ಅದರ ಬಾಯಿ ಚರಂಡಿಗೆ ಬಿಡಿ. ನೀರು ಹೋಗುವುದು ಚರಂಡಿಗೇ. ಆದರೆ ಮಳೆ ಜೋರಾಗಿರುವಾಗ ಒಮ್ಮೆಲೇ ಅಲ್ಲ, ಆಮೇಲೆ ನಿಧಾನವಾಗಿ. ಜಾಗ ಚಿಕ್ಕದಾಗಿ ಗೋಡೆಗೆ ಅಂಟಿಸಿಯೇ ಕಟ್ಟಬೇಕಾದವರೂ ಹೀಗೆಯೇ ಮಾಡಬೇಕು.

ನೀಲಗಿರಿ, ವಯನಾಡಿನ ಇಳಿಜಾರುಗಳಲ್ಲಿರುವವರು ಗುಡ್ಡ ಕಡಿದ ಅಂಚಿನಲ್ಲಿ ನೀರು ಇಂಗಿಸಲೇಬಾರದು. ನೆನೆದ ಮಣ್ಣು ಕುಸಿದೀತು.

ಮಣ್ಣಿನ ಪರೀಕ್ಷೆ ಸುಲಭ. ಒಂದು ಅಡಿ ಆಳದ ಗುಂಡಿ ತೋಡಿ ನೀರು ತುಂಬಿಸಿ, ಇಂಗಲು ಬಿಡಿ. ಮತ್ತೆ ತುಂಬಿಸಿ ಒಂದು ಗಂಟೆ ಬಿಟ್ಟು ಅಳೆಯಿರಿ. ಅರ್ಧ ಇಂಚಿಗಿಂತ ಕಡಿಮೆ ಇಳಿದಿದ್ದರೆ ತಳ ಮುಚ್ಚಿದ ತೊಟ್ಟಿಯೇ ಸರಿ.

ಎಷ್ಟು ದೊಡ್ಡದು?

ಪೋರ್ಟ್‌ಲೆಂಡ್‌ನ ಸರಳ ಲೆಕ್ಕದಂತೆ ತಾರಸಿಯ ನೂರು ಚದರ ಅಡಿಗೆ ತೊಟ್ಟಿ ಆರು ಚದರ ಅಡಿ. ಇಡೀ ತಾರಸಿಗೆ ಇಷ್ಟು ಜಾಗ ಹೆಚ್ಚಿನವರಲ್ಲಿ ಇರುವುದಿಲ್ಲ. ಒಂದು ಪೈಪಿನಿಂದ ಶುರು ಮಾಡೋಣ. ಆ ಪೈಪಿಗೆ 250 ಚದರ ಅಡಿಯ ನೀರು ಬರುತ್ತದೆ ಎಂದುಕೊಳ್ಳಿ, 25 ಮಿ.ಮೀ. ಮಳೆಗೆ ಅದು 580 ಲೀಟರ್. ಐದಡಿ ಉದ್ದ, ಮೂರಡಿ ಅಗಲದ ತೊಟ್ಟಿ ಮೇಲಿನ ಖಾಲಿ ಜಾಗದಲ್ಲಿ ಸುಮಾರು 210 ಲೀಟರ್, ಒಣಗಿದ್ದಾಗ ಮಣ್ಣಿನ ಸಂದಿಗಳಲ್ಲಿ ಇನ್ನೊಂದು 150 ಲೀಟರ್ ಹಿಡಿಯಬಲ್ಲದು. ಅಂದರೆ ಅರ್ಧಕ್ಕಿಂತ ಹೆಚ್ಚು.

ಪೋರ್ಟ್‌ಲೆಂಡ್‌ನದು ಹೆಚ್ಚಾಗಿ ಜಿಟಿಜಿಟಿ ಮಳೆ. ನಮ್ಮದು ಸುರಿಯುವ ಮಳೆ. ಕಾಸರಗೋಡಿನ ಜುಲೈ ಮಳೆಗೆ ತೊಟ್ಟಿ ಬೇಗ ತುಂಬುತ್ತದೆ. ನದಿ ಉಕ್ಕಿ ಬಂದರಂತೂ ಇದರಿಂದ ಏನೂ ಆಗದು. ಒಂದು ಮನೆಯ ತೊಟ್ಟಿಯಿಂದ ಓಣಿಯ ನೀರು ಇಳಿಯುವುದಿಲ್ಲ. ಮೇಲಿನ ಬೀದಿಯ ಹತ್ತಿಪ್ಪತ್ತು ಮನೆಯವರು ಸೇರಿದರೆ ಕೆಳಗಿನವರಿಗೆ ವ್ಯತ್ಯಾಸ ತಿಳಿದೀತು.

ಸೊಳ್ಳೆಯ ಚಿಂತೆ

ಸೊಳ್ಳೆಯ ಮೊಟ್ಟೆ ಬೆಳೆದು ಹಾರಲು ಸುಮಾರು ಒಂದು ವಾರ ಬೇಕು. ತೊಟ್ಟಿಯ ಮೇಲೆ ನಿಂತ ನೀರು ಎರಡು ದಿನದೊಳಗೆ ಇಳಿಯುತ್ತಿದ್ದರೆ ಭಯವಿಲ್ಲ. ಇಳಿಯದಿದ್ದರೆ ಮೇಲ್ಮಣ್ಣು ಗಟ್ಟಿಯಾಗಿದೆ ಎಂದರ್ಥ. ಕೆದಕಿ ಸಡಿಲ ಮಾಡಿ. ಮಳೆಗಾಲಕ್ಕೆ ಮುಂಚೆ ಎಲೆ, ಕಸ ತೆಗೆದು ಪೈಪಿನ ಬಾಯಿ ನೋಡಿಕೊಳ್ಳಿ.

ಮೊದಲು ನಿಮ್ಮ ಹಿತ್ತಲಲ್ಲಿ ಗುಂಡಿ ಪರೀಕ್ಷೆ ಮಾಡಿ, ನೀರು ಎಷ್ಟು ಇಳಿಯಿತೆಂದು ಊರಿನ ಹೆಸರಿನೊಂದಿಗೆ ನಮಗೆ ಬರೆಯಿರಿ. ಊರೂರಿನ ಅಳತೆ ಸೇರಿದರೆ ಯಾವ ಊರಿಗೆ ಯಾವ ತೊಟ್ಟಿ ಎಂಬ ಪಟ್ಟಿಯನ್ನು ಇದೇ ಪುಟದಲ್ಲಿ ಹಾಕುತ್ತೇವೆ.