ಬರೇ ನೀರು ಕುಡಿದ್ರ ಸಾಲದು!

ಏಪ್ರಿಲ್ ಬಂತಂದ್ರ ಹುಬ್ಬಳ್ಳಿ ಬಿಸಲಿಗೆ ಡಾಂಬರೂ ಕರಗತೈತಿ. ಅಮರಗೋಳದ ಎ.ಪಿ.ಎಂ.ಸಿ. ಯಾರ್ಡಿನಲ್ಲಿ ಚೀಲ ಹೊರುವ ಹಮಾಲರ ಅಂಗಿ ಆರಿದ ಮೇಲೆ ನೋಡಿ, ಬೆನ್ನ ಮೇಲೆ ಬಿಳೀ ಗೆರೆಗಳು. ಅದು ಧೂಳಲ್ಲ, ಉಪ್ಪು! ಬೆವರಿನ ಸಂಗಡ ಮೈಯಿಂದ ಹೊರಬಿದ್ದ ಉಪ್ಪು.

ದವಾಖಾನೆಯಲ್ಲಿ ಏರಿಸುವ ಸಲೈನಿನಲ್ಲಿ ಲೀಟರಿಗೆ 9 ಗ್ರಾಂ ಉಪ್ಪಿರುತ್ತದೆ. ರಕ್ತದ ಲವಣದ ಲೆಕ್ಕವೂ ಹೆಚ್ಚೂಕಡಿಮೆ ಅಷ್ಟೇ. ಈ ಕಿರ್ದಿ ಬರೆಯುವ ಗುಮಾಸ್ತರು ನಮ್ಮ ಎರಡು ಮೂತ್ರಪಿಂಡಗಳು. ದಿನಕ್ಕೆ ಸುಮಾರು 180 ಲೀಟರ್ ಸೋಸಿ, ಒಂದೂವರೆ ಎರಡು ಲೀಟರ್ ಮಾತ್ರ ಹೊರಗೆ ಬಿಟ್ಟು, ಉಳಿದದ್ದನ್ನು ರಕ್ತಕ್ಕೇ ವಾಪಸ್ ಜಮಾ ಮಾಡುತ್ತವೆ.

ವಾಂತಿ-ಭೇದಿ ಹತ್ತಿತೋ, ಕಿರ್ದಿ ಒಂದೇ ದಿನದಲ್ಲಿ ದಿವಾಳಿ! ನಳಕ್ಕೆ ದಿನಾ ನೀರು ಬಾರದೆ ಬ್ಯಾರಲ್ ತುಂಬಿಟ್ಟುಕೊಳ್ಳುವ ಓಣಿಗಳಿಗೆ ಈ ಭಯ ಹೊಸದಲ್ಲ. "ಯಕ್ಕಾ, ಕೂಸಿಗೆ ನೀರ ಕುಡಸಬ್ಯಾಡ, ಭೇದಿ ಮತ್ತಷ್ಟ ಹೆಚ್ಚಾಕ್ಕೈತಿ" ಎಂಬ ಉಪದೇಶ ಕಟ್ಟೆ ಮೇಲೆ ಇಂದಿಗೂ ಪುಕ್ಕಟೆ ಸಿಗುತ್ತದೆ. ಇದಕ್ಕಿಂತ ಅಪಾಯದ ಮಾತಿಲ್ಲ.

ಹಾಗಂತ ಬರೇ ನೀರೂ ಸಾಲದು. ಕರುಳಿನ ಗೋಡೆಯಲ್ಲೊಂದು ಬಾಗಿಲಿದೆ. ಉಪ್ಪಿನ ಸೋಡಿಯಂ, ಸಕ್ಕರೆಯ ಗ್ಲೂಕೋಸ್ ಜೋಡಿಯಾಗಿ ಬಂದರೆ ಅದು ತೆರೆಯುತ್ತದೆ. ಅವುಗಳ ಬೆನ್ನಿಗೆ ನೀರೂ ಒಳಸೇರುತ್ತದೆ. ಭೇದಿ ಹತ್ತಿದಾಗಲೂ ಈ ಬಾಗಿಲು ಕೆಲಸ ಬಿಡುವುದಿಲ್ಲ.

1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಬಡಿದು ಸಲೈನ್ ಮುಗಿಯುತ್ತ ಬಂದಾಗ ಡಾ. ದಿಲೀಪ್ ಮಹಾಲನಬಿಸ್ ಕೊಡಿಸಿದ್ದು ಇದೇ ಉಪ್ಪು-ಗ್ಲೂಕೋಸ್ ನೀರು. ನೂರಕ್ಕೆ 30ರಷ್ಟಿದ್ದ ಸಾವು 4ಕ್ಕಿಂತ ಕೆಳಗಿಳಿಯಿತು. ಅವರಿಗೆ ಪದ್ಮವಿಭೂಷಣ ಬಂದದ್ದು 2023ರಲ್ಲಿ, ಕಣ್ಣು ಮುಚ್ಚಿದ ಮೇಲೆ!

ಆದರೆ ಅಂಗಡಿಯ ಸಿಹಿ ಪಾನಕ ಈ ಔಷಧವಲ್ಲ. ಸಕ್ಕರೆ ಹೆಚ್ಚಾದರೆ ಕರುಳು ಮೈಯೊಳಗಿನ ನೀರನ್ನೇ ಎಳೆದುಕೊಂಡು ಭೇದಿ ಹೆಚ್ಚಿಸುತ್ತದೆ. ಅದಕ್ಕೇ 2025ರ ಅಕ್ಟೋಬರಿನಲ್ಲಿ ಕೇಂದ್ರದ ಆಹಾರ ಸುರಕ್ಷಾ ಪ್ರಾಧಿಕಾರ ಇಂಥ ಪಾನಕಗಳ ಮೇಲೆ 'ಓ.ಆರ್.ಎಸ್.' ಎಂದು ಬರೆಯುವುದನ್ನೇ ನಿಷೇಧಿಸಿತು.

ಸರಕಾರಿ ದವಾಖಾನೆಯ ಓ.ಆರ್.ಎಸ್. ಪೊಟ್ಟಣ ಉತ್ತಮ. ರಾತ್ರಿ ಅದು ಸಿಗದಿದ್ದರೆ? ಕುದಿಸಿ ಆರಿಸಿದ 1 ಲೀಟರ್ ನೀರಿಗೆ ಸಮತಟ್ಟಾದ 6 ಟೀ ಚಮಚೆ ಸಕ್ಕರೆ, ಅರ್ಧ ಟೀ ಚಮಚೆ ಉಪ್ಪು. ಕೈಯಳತೆ ಬೇಡ, ಚಮಚೆಯೇ ಇರಲಿ. ಗುಟುಕು ಗುಟುಕಾಗಿ ಕುಡಿಸಬೇಕು. ಕೂಸಿನ ಕಣ್ಣು ಗುಳಿಬಿದ್ದರೆ, ಮೂತ್ರ ನಿಂತರೆ, ಮಂಕು ಕವಿದರೆ ಬೆಳಗಾಗಲೆಂದು ಕಾಯದೆ ದವಾಖಾನೆಗೆ ಓಡಬೇಕು. ದಾರಿಯಲ್ಲೂ ಚಮಚೆ ನಿಲ್ಲಬಾರದು!