ಮಳೆಯ ಲೆಕ್ಕದಿಂದ ಜಾಲಪುಟ

ಚಳ್ಳಕೆರೆ ಸೀಮೆಯಲ್ಲಿ ಮಳೆಯ ಮಾತು ಬಾರದ ದಿನವಿಲ್ಲ. ನಮ್ಮ ರಾಜ್ಯದಲ್ಲಿ ಅತ್ಯಂತ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಇದೂ ಒಂದು. ಇಲ್ಲಿನ ಶೇಂಗಾ ಬೆಳೆಯ ಭಾಗ್ಯವೆಲ್ಲ ನಾಲ್ಕಾರು ಹದಮಳೆಗಳನ್ನು ನೆಚ್ಚಿಕೊಂಡಿದೆ. ಹಿಂದೆ ಮಳೆಮಾಪಕದ ನೀರನ್ನು ಅಳೆದು ದಪ್ಪ ರಿಜಿಸ್ಟರಿನಲ್ಲಿ ಬರೆದಿಡುವುದೇ ರೂಢಿಯಾಗಿದ್ದಿತು. 1988ರಲ್ಲಿ ಬರದ ಉಸ್ತುವಾರಿಗೆಂದು ಬೆಂಗಳೂರಿನಲ್ಲಿ ಆರಂಭವಾದ ಸಂಸ್ಥೆಯೇ ಬೆಳೆದು ಇಂದು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವೆನಿಸಿದೆ. ಅದರ ಮಳೆಮಾಪಕಗಳು ಗ್ರಾಮಪಂಚಾಯಿತಿಗಳಿಂದ ತಾವಾಗಿಯೇ ಅಂಕಿಗಳನ್ನು ಕಳುಹಿಸುತ್ತವೆ. ಅಂಕಿಗಳಿಗೇನೂ ಬರವಿಲ್ಲ. ಆದರೆ ಅವುಗಳನ್ನು ಯಾರು ಬೇಕಾದರೂ ಓದಬಲ್ಲ ಪುಟವನ್ನಾಗಿ ಮಾಡುವುದು ಹೇಗೆ?

ಜಾಲಪುಟವೆಂಬುದು ಮೂಲತಃ ಬರಿಯ ಬರೆಹ. ಅದರ ನಡುನಡುವೆ, ‘ಇದು ತಲೆಬರೆಹ’, ‘ಇದು ಕೋಷ್ಟಕದ ಒಂದು ಮನೆ’ ಎಂದು ತಿಳಿಸುವ ಗುರುತುಗಳಿರುತ್ತವೆ. ಜಿನೀವಾದ ಸೆರ್ನ್ ಸಂಶೋಧನಾಲಯದಲ್ಲಿದ್ದ ಟಿಮ್ ಬರ್ನರ್ಸ್-ಲೀ ಅವರು 1989ರಲ್ಲಿ ಜಾಲದ ಯೋಜನೆಯನ್ನು ಮುಂದಿಟ್ಟ ತರುವಾಯ ರೂಪಿಸಿದ ಈ ಗುರುತುಭಾಷೆಗೆ ಎಚ್.ಟಿ.ಎಂ.ಎಲ್. ಎಂದು ಹೆಸರು. ಕೋಷ್ಟಕದ ಒಂದು ಮನೆಯಲ್ಲಿ 32 ಎಂಬ ಅಂಕಿಯನ್ನು ಕೂರಿಸಬೇಕಾದರೆ <ಟಿಡಿ>32</ಟಿಡಿ> ಎಂದು ಬರೆಯಬೇಕು. (ಯಂತ್ರಕ್ಕೆ ಇದನ್ನು ರೋಮನ್ ಅಕ್ಷರಗಳಲ್ಲಿಯೇ ಕೊಡತಕ್ಕದ್ದು; ಓದಿನ ಅನುಕೂಲಕ್ಕಾಗಿ ಇಲ್ಲಿ ಕನ್ನಡದಲ್ಲಿ ಬರೆದಿದ್ದೇವೆ.) ಒಂದು ಮನೆಗೆ ಇದು ಸುಲಭ. ವಾರವಾರವೂ ಎಲ್ಲ ಪಂಚಾಯಿತಿಗಳ ಅಂಕಿಗಳನ್ನು ಕೈಯಿಂದ ತುಂಬುವುದಾದರೆ ಎಲ್ಲಿಯೋ ಒಂದು ಕಡೆ 32 ಎಂಬುದು 23 ಆಗದೆ ಇರದು.

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿರುವ ಅಶೋಕನ ಶಾಸನಗಳು ಇಲ್ಲಿ ನೆನಪಿಗೆ ಬರುತ್ತವೆ. 1892ರಲ್ಲಿ ಬಿ. ಎಲ್. ರೈಸ್ ಅವರು ಇವನ್ನು ಬೆಳಕಿಗೆ ತಂದರು. ಅಕ್ಕಪಕ್ಕದ ಮೂರು ಬೆಟ್ಟಗಳಲ್ಲಿಯೂ ಇರುವುದು ಒಂದೇ ಆಜ್ಞೆ. ಅದರ ಮುಖ್ಯ ಒಕ್ಕಣೆ ದೂರದ ಮಸ್ಕಿಯಲ್ಲಿಯೂ ಉಂಟು. ಆದರೆ ಇಸಿಲದ ಮಹಾಮಾತ್ರರ ಕುಶಲವನ್ನು ವಿಚಾರಿಸುವ ಮೊದಲ ಸಾಲುಗಳು ಅಲ್ಲಿಲ್ಲ. ಅಚ್ಚು ಸ್ಥಿರ, ವಿಳಾಸ ಮಾತ್ರ ಚರ. ಪಾಪ, ಲಿಪಿಕಾರ ಚಪಡನು ಸ್ಥಿರವಾದುದನ್ನೂ ಪ್ರತಿಯೊಂದು ಬಂಡೆಯ ಮೇಲೆ ಹೊಸದಾಗಿ ಬರೆಯಬೇಕಾಯಿತು! ಸ್ಥಿರವಾದ ಗುರುತುಗಳನ್ನು ಒಮ್ಮೆ ಮಾತ್ರ ಬರೆದು, ಚರವಾದ ಅಂಕಿಗಳನ್ನು ಯಂತ್ರವೇ ಅದರೊಳಗೆ ಸೇರಿಸುವಂತೆ ಮಾಡುವುದೇ ನಮ್ಮ ಉಪಾಯ.

ಈ ಕೆಲಸಕ್ಕೆ ಅನೇಕ ಗಣಕ ಭಾಷೆಗಳುಂಟು. ಆದರೆ ಅಂಕಿಗಳ ಸರಾಸರಿ, ವ್ಯತ್ಯಾಸಗಳನ್ನು ಕಂಡುಹಿಡಿಯುವ ಭಾಷೆಯೇ ಪುಟವನ್ನೂ ಬರೆದುಬಿಟ್ಟರೆ ನಡುವೆ ನಕಲು ಮಾಡುವ ಕೈ ಇರುವುದಿಲ್ಲ. ‘ಆರ್’ ಅಂತಹ ಭಾಷೆ. ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದಲ್ಲಿ ರಾಸ್ ಇಹಾಕ ಮತ್ತು ರಾಬರ್ಟ್ ಜೆಂಟಲ್‌ಮನ್ ಎಂಬ ಅಧ್ಯಾಪಕರು ಇದನ್ನು ಕಟ್ಟಿದರು. ಬೆಲ್ ಪ್ರಯೋಗಾಲಯದಲ್ಲಿ 1976ರಲ್ಲಿ ಹುಟ್ಟಿದ ‘ಎಸ್’ ಭಾಷೆಯೇ ಇದಕ್ಕೆ ಮಾದರಿ. 1995ರಿಂದ ಇದು ಎಲ್ಲರಿಗೂ ಉಚಿತವಾಗಿ ದೊರೆಯುತ್ತಿದೆ.

ಆರ್ ಭಾಷೆಯಲ್ಲಿ ಒಂದು ಹೆಸರು ಒಂದೇ ಅಂಕಿಯನ್ನಲ್ಲದೆ ಅಂಕಿಗಳ ಇಡೀ ಸಾಲನ್ನೇ ಹೊರಬಲ್ಲುದು. ಕಸಬಾ, ತಳಕು, ನಾಯಕನಹಟ್ಟಿ, ಪರಶುರಾಂಪುರ ಹೋಬಳಿಗಳ ಮಳೆಯನ್ನು ‘ಮಳೆ’ ಎಂಬ ಒಂದು ಹೆಸರಿನಲ್ಲಿ ಇಟ್ಟುಕೊಳ್ಳೋಣ. ಜೋಡಿಸುವ ಕ್ರಿಯೆಗೆ ‘ಪೇಸ್ಟ್’ ಎಂದು ಹೆಸರು. ತೆರೆಯುವ ಗುರುತು, ‘ಮಳೆ’, ಮುಚ್ಚುವ ಗುರುತು ಈ ಮೂರನ್ನೂ ಜೋಡಿಸೆಂದರೆ, ಒಂದೇ ಅಪ್ಪಣೆಗೆ ನಾಲ್ಕು ಮನೆಗಳೂ ಸಿದ್ಧವಾಗುತ್ತವೆ. ಹೋಬಳಿಗಳು ನಾಲ್ಕರ ಬದಲು ನಾನೂರಾದರೂ ಅಪ್ಪಣೆ ಬದಲಾಗುವುದಿಲ್ಲ. ಅನಂತರ ‘ಕ್ಯಾಟ್’ ಎಂಬ ಕ್ರಿಯೆಯಿಂದ ಇದನ್ನು ಕಡತಕ್ಕೆ ಬರೆದರೆ ಮುಗಿಯಿತು.

ನಿಜವಾದ ಸೂಕ್ಷ್ಮವಿರುವುದು ಮುಂದೆ. ಒಂದು ವಾರ ಪರಶುರಾಂಪುರದ ಅಂಕಿಯೇ ಬರಲಿಲ್ಲವೆನ್ನೋಣ. ಉಳಿದ ಮೂರು ಹೋಬಳಿಗಳಲ್ಲಿ 32, 10, 18 ಮಿ.ಮೀ. ಮಳೆಯಾಗಿದೆ. ವಾಡಿಕೆ ಮಳೆ ಎಲ್ಲ ಕಡೆಯೂ 20 ಮಿ.ಮೀ. ಎಂದಿರಲಿ. (ಅಂಕಿಗಳು ನಾವು ಕಲ್ಪಿಸಿಕೊಂಡವು.) ಖಾಲಿ ಮನೆಯಲ್ಲಿ ಸೊನ್ನೆ ತುಂಬಿದರೆ ಸರಾಸರಿ 15, ಎಂದರೆ ವಾಡಿಕೆಗಿಂತ ಶೇಕಡಾ 25 ಕಡಿಮೆ. ಖಾಲಿಯನ್ನು ಬಿಟ್ಟು ಲೆಕ್ಕ ಹಾಕಿದರೆ ಸರಾಸರಿ 20, ಕೊರತೆಯೇ ಇಲ್ಲ. ಹವಾಮಾನ ಇಲಾಖೆಯ ಕ್ರಮದಲ್ಲಿ ಶೇಕಡಾ 19ರೊಳಗಿನ ಏರಿಳಿತ ವಾಡಿಕೆಯದು. 20ರಿಂದ 59ರವರೆಗೆ ಕಡಿಮೆಯಾದರೆ ಅದು ‘ಕೊರತೆ’. ಕೇಂದ್ರ ಸರ್ಕಾರದ 2016ರ ಬರ ಕೈಪಿಡಿಯಂತೆ ಬರವನ್ನು ಗುರುತಿಸುವಾಗ ಮೊದಲು ನೋಡತಕ್ಕದ್ದು ಮಳೆಯ ಕೊರತೆಯನ್ನೇ. ಇಲ್ಲದ ಕೊರತೆಯನ್ನು ಒಂದು ಸೊನ್ನೆ ಹುಟ್ಟಿಸಬಲ್ಲುದು; ಹಾಗೆಯೇ, ಒಣಗಿದ ಹೋಬಳಿಯ ಅಂಕಿ ಬಾರದೆ ಹೋದರೆ ನಿಜವಾದ ಕೊರತೆ ಅಡಗಿಯೂ ಹೋಗಬಹುದು.

ಆರ್ ಭಾಷೆಯಲ್ಲಿ ತಿಳಿಯದ ಅಂಕಿಗೆ ‘ಎನ್.ಎ.’ ಎಂಬ ಪ್ರತ್ಯೇಕ ಗುರುತಿದೆ; ಅದು ಸೊನ್ನೆಯಲ್ಲ. ಅದು ಸೇರಿರುವ ಸಾಲಿನ ಸರಾಸರಿಯನ್ನು ಕೇಳಿದರೆ ಉತ್ತರವೂ ಎನ್.ಎ. ಎಂದೇ ಬರುತ್ತದೆ. ಬಿಟ್ಟು ಲೆಕ್ಕ ಹಾಕಬೇಕಾದರೆ ಹಾಗೆಂದು ನಾವೇ ಬಾಯಿಬಿಟ್ಟು ಹೇಳಬೇಕು. ಹೊಸಬರಿಗೆ ಇದು ಹಟಮಾರಿತನವೆಂದು ತೋರಬಹುದು. ನಮಗಂತೂ ಇದು ಈ ಭಾಷೆಯ ಅತ್ಯುತ್ತಮ ಗುಣವೆಂದು ತೋರುತ್ತದೆ. ಆದರೆ ‘ಪೇಸ್ಟ್’ ಕ್ರಿಯೆಗೆ ಈ ವಿವೇಕವಿಲ್ಲ. ಅದು ಎನ್.ಎ. ಎಂಬುದನ್ನೂ ಎರಡು ಅಕ್ಷರಗಳಾಗಿಸಿ ಪುಟಕ್ಕೆ ಅಂಟಿಸಿಬಿಡುತ್ತದೆ. ಆದುದರಿಂದ ಜೋಡಿಸುವ ಮೊದಲು ಎನ್.ಎ. ಇರುವೆಡೆ ‘ಮಾಹಿತಿ ಬಂದಿಲ್ಲ’ ಎಂಬ ಮಾತನ್ನು ಇರಿಸಬೇಕು. ಸರಾಸರಿಯ ಕೆಳಗೆ ‘ಮೂರು ಹೋಬಳಿಗಳದು ಮಾತ್ರ’ ಎಂದೂ ಕಾಣಿಸಬೇಕು.

ಇನ್ನೆರಡು ಎಚ್ಚರಿಕೆಗಳು. ಪುಟದ ಮಾತಿನಲ್ಲಿಯೇ < ಚಿಹ್ನೆ ಬಂದರೆ ಓದುವ ಯಂತ್ರ ಅದನ್ನು ಗುರುತಿನ ಆರಂಭವೆಂದು ಭ್ರಮಿಸಬಹುದು, ‘ಎಚ್.ಟಿ.ಎಂ.ಎಲ್.ಟೂಲ್ಸ್’ ಎಂಬ ಪೂರಕ ಕಟ್ಟು ಅಂತಹ ಚಿಹ್ನೆಗಳನ್ನು ಮಾರ್ಪಡಿಸಿ ಕೊಡುತ್ತದೆ. ಕನ್ನಡದ ಹೆಸರುಗಳು ಕೆಡದಿರಬೇಕಾದರೆ ಕಡತವು ಯು.ಟಿ.ಎಫ್.-8 ಕ್ರಮದಲ್ಲಿರಬೇಕು. ವಿಂಡೋಸ್ ಗಣಕಗಳಲ್ಲಿ ಇದು ಬಹುಕಾಲ ತೊಡಕಿನ ವಿಷಯವಾಗಿದ್ದು, 2022ರಲ್ಲಿ ಬಂದ ಆರ್ 4.2 ಆವೃತ್ತಿಯಿಂದ ಸುಗಮವಾಗಿದೆ.

ಪುಟ ದೊಡ್ಡದಾದರೆ ಗುರುತುಗಳನ್ನು ನಾವೇ ಜೋಡಿಸುವ ಶ್ರಮವೂ ಬೇಡ. ಯಿಹುಯಿ ಷೀ ಅವರು ರಚಿಸಿದ ‘ನಿಟ್‌ಆರ್’ ಎಂಬ ಕಟ್ಟಿನಲ್ಲಿ ವಿವರಣೆಯ ಮಾತುಗಳ ನಡುವೆಯೇ ಲೆಕ್ಕದ ಅಪ್ಪಣೆಗಳನ್ನು ಬರೆಯಬಹುದು. ಲೆಕ್ಕವಾದ ಮೇಲೆ ಅಪ್ಪಣೆಯಿದ್ದ ಕಡೆ ಉತ್ತರವೋ ನಕ್ಷೆಯೋ ಬಂದು ಕೂರುತ್ತದೆ. ತಡವಾಗಿ ಪರಶುರಾಂಪುರದ ಅಂಕಿ ಬಂತೆನ್ನಿ. ಆಗ ಅಂಕಿಗಳ ಕಡತದಲ್ಲಿ ಅದೊಂದನ್ನು ತುಂಬಿ ಮತ್ತೊಮ್ಮೆ ನಡೆಸಿದರೆ ಕೋಷ್ಟಕ, ಸರಾಸರಿ, ಕೊರತೆಯ ಮಾತು, ಅಡಿಟಿಪ್ಪಣಿ ಎಲ್ಲವೂ ಒಟ್ಟಿಗೆ ಬದಲಾಗುತ್ತವೆ.