ಕಬ್ಬಿನ ಸಿಪ್ಪೆಯ ತಾಟು

ಕೃಷ್ಣಾ ಘಟಪ್ರಭೆಯರು ತಣಿಸುವ ಕಪ್ಪು ಮಣ್ಣಿನ ಸೀಮೆಯಲ್ಲಿ, ಜಮಖಂಡಿ ಮುಧೋಳಗಳಿಂದ ಬೀಳಗಿಯವರೆಗೂ ರಬಕವಿ-ಬನಹಟ್ಟಿಯ ಸುತ್ತಮುತ್ತಲೂ, ಕಬ್ಬು ನುರಿಸುವ ಹಂಗಾಮು ಆರಂಭವಾಯಿತೆಂದರೆ ಹಗಲಿರುಳೆನ್ನದೆ ಸಾಗುವ ಟ್ರ್ಯಾಕ್ಟರುಗಳು ಹೊತ್ತೊಯ್ಯುವುದು ಸಕ್ಕರೆಯನ್ನೇ ಎಂದು ನಾವೆಲ್ಲರೂ ಭಾವಿಸುವುದುಂಟು. ಆದರೆ ತೂಕದ ಲೆಕ್ಕ ಬೇರೆಯೇ ಆಗಿದೆ. ಒಂದು ಟನ್ನು ಕಬ್ಬಿನಿಂದ ದೊರೆಯುವ ಸಕ್ಕರೆ ಸುಮಾರು 100 ಕಿಲೋಗ್ರಾಮು. ರಸ ಹಿಂಡಿ ಉಳಿದ ಸಿಪ್ಪೆಯಾದರೋ 280ರಿಂದ 300 ಕಿಲೋಗ್ರಾಮು. ಕಾರ್ಖಾನೆಯವರು ಬಗ್ಯಾಸ್ ಎನ್ನುವ ಈ ಸಿಪ್ಪೆಯಲ್ಲಿ ಅರ್ಧ ನೀರು, ಉಳಿದುದು ಬಹುಪಾಲು ನಾರು. ಮಹಾಲಿಂಗಪುರದ ಸುತ್ತಣ ಬೆಲ್ಲದ ಗಾಣಗಳಲ್ಲಿ ಇದು ಬಿಸಿಲಿಗೆ ಒಣಗಿ ಒಲೆಯ ಪಾಲಾಗುತ್ತದೆ. ಸಮೀರವಾಡಿಯಂತಹ ದೊಡ್ಡ ಕಾರ್ಖಾನೆಗಳಲ್ಲಿ ಬಾಯ್ಲರನ್ನು ಸೇರಿ ಉಗಿಯನ್ನೂ ವಿದ್ಯುತ್ತನ್ನೂ ಕೊಡುತ್ತದೆ.

ಇದೇ ನಾರನ್ನು ಊಟದ ತಾಟಾಗಿ, ಬಟ್ಟಲಾಗಿ, ಮುಚ್ಚಳವುಳ್ಳ ಡಬ್ಬಿಯಾಗಿ ಮಾರ್ಪಡಿಸುವ ವಿದ್ಯೆ ಇಂದು ದೇಶದಲ್ಲಿ ರೂಢಿಗೆ ಬಂದಿದೆ. ಅದರ ಮರ್ಮವನ್ನು ತಿಳಿಯಲು ಬನಹಟ್ಟಿಯ ಮಗ್ಗದ ಮನೆಗೆ ಹೋದರೂ ಸಾಕು. ನೇಕಾರನು ಹಾಸಿಗೆ ಹಿಡಿಯುವ ಹತ್ತಿಯ ನೂಲು ಸೆಲ್ಯುಲೋಸು; ಆ ನೂಲು ಹರಿಯದಿರಲೆಂದು ಹಚ್ಚುವ ಗಂಜಿ ಪಿಷ್ಟ; ಇವೆರಡೂ ಗ್ಲೂಕೋಸೆಂಬ ಒಂದೇ ಸಕ್ಕರೆಯ ಕಣಗಳು ಸರಪಳಿಯಾಗಿ ಬೆಸೆದು ಆದ ವಸ್ತುಗಳು. ಬೆಸುಗೆಯ ಓರೆಯಲ್ಲಿ ಮಾತ್ರ ಭೇದ. ಪಿಷ್ಟದ ಸರಪಳಿ ಸುರುಳಿ ಸುತ್ತಿಕೊಂಡು ಬಿಸಿನೀರಿಗೆ ಬೇಗನೆ ಸಡಿಲುತ್ತದೆ. ಸೆಲ್ಯುಲೋಸಿನ ಸರಪಳಿಗಳು ನೇರವಾಗಿ ಚಾಚಿ, ಒಂದಕ್ಕೊಂದು ಒತ್ತಿ ನಿಂತು, ಕುದಿವ ನೀರಿಗೂ ಜಗ್ಗವು. ಒಣಗಿದ ಕಬ್ಬಿನ ಸಿಪ್ಪೆಯಲ್ಲಿ ನೂರಕ್ಕೆ 40ರಿಂದ 50 ಪಾಲು ಈ ಸೆಲ್ಯುಲೋಸೇ ಆಗಿದ್ದು, ಹೆಮಿಸೆಲ್ಯುಲೋಸು ಮತ್ತು ಲಿಗ್ನಿನ್ ಅದನ್ನು ಸುತ್ತುವರಿದು ಬಂಧಿಸಿರುತ್ತವೆ.

ಸಿಪ್ಪೆಯನ್ನು ಕ್ಷಾರದಲ್ಲಿ ಬೇಯಿಸಿ ಲಿಗ್ನಿನ್ನನ್ನು ಬಿಡಿಸಿ, ದೊರೆತ ತಿರುಳನ್ನು ಹೇರಳವಾದ ನೀರಿನಲ್ಲಿ ಕದಡಿ, ಆ ನೀರಿನೊಳಕ್ಕೆ ಜಾಲರಿಯ ಅಚ್ಚನ್ನು ಇಳಿಸಿ ಕೆಳಗಿನಿಂದ ನೀರನ್ನು ಎಳೆದುಬಿಟ್ಟರೆ, ಅಚ್ಚಿನ ಮೇಲೆ ನಾರಿನ ತೇವವಾದ ಪದರವೊಂದು ನಿಲ್ಲುತ್ತದೆ. ಅದನ್ನು ಕಾದ ಲೋಹದ ಅಚ್ಚುಗಳ ನಡುವೆ ಒತ್ತಿದೊಡನೆ ತಾಟು ಸಿದ್ಧ. ಇಲ್ಲಿ ಅಂಟು ಎಲ್ಲಿಯೂ ಬೇಕಾಗದೆಂಬುದೇ ನನಗೆ ಪರಮಾಶ್ಚರ್ಯವಾಗಿ ತೋರುತ್ತದೆ. ಸೆಲ್ಯುಲೋಸಿನ ಮೈತುಂಬ ಇರುವ ಜಲಜನಕ-ಆಮ್ಲಜನಕದ ಜೋಡಿಗಳು ಮೊದಲು ನೀರನ್ನು ಹಿಡಿದಿರುತ್ತವೆ. ನೀರು ಆವಿಯಾಗಿ ಹೊರಟುಹೋಗುತ್ತಲೇ ಅವು ಪಕ್ಕದ ನಾರನ್ನೇ ಹಿಡಿದುಕೊಳ್ಳುತ್ತವೆ. ಒದ್ದೆಯಾದ ಹತ್ತಿಯ ಸೀರೆಗೆ ಇಸ್ತ್ರಿ ಒತ್ತಿದಾಗ ಮಡಿಕೆ ನಿಲ್ಲುವುದೂ ಈ ಬಂಧದಿಂದಲೇ.

ಪಾಲಿಥೀನಿನ ಸಂಗತಿ ಹೀಗಲ್ಲ. 1933ರಲ್ಲಿ ಇಂಗ್ಲೆಂಡಿನ ಪ್ರಯೋಗಶಾಲೆಯೊಂದರಲ್ಲಿ ಕಾಣಿಸಿಕೊಂಡ ಈ ವಸ್ತು ಇಂಗಾಲದ ಪರಮಾಣುಗಳ ಅಖಂಡ ಸರಪಳಿ. ಅದನ್ನು ಕತ್ತರಿಸಲು ಸೂಕ್ಷ್ಮಜೀವಿಗಳಿಗೆ ಹಿಡಿ ಸಿಕ್ಕುವ ಸಂಧಿಯೇ ಇಲ್ಲ. ಸೆಲ್ಯುಲೋಸಾದರೋ ಕೋಟ್ಯಂತರ ವರ್ಷಗಳಿಂದ ಮಣ್ಣಿಗೆ ಪರಿಚಿತ, ಅದನ್ನು ಬಿಡಿಬಿಡಿಯಾಗಿ ಸಕ್ಕರೆಗೆ ಇಳಿಸುವ ಸೆಲ್ಯುಲೇಸೆಂಬ ಕಿಣ್ವವು ಶಿಲೀಂಧ್ರಗಳಲ್ಲೂ ಬ್ಯಾಕ್ಟೀರಿಯಗಳಲ್ಲೂ ಸಿದ್ಧವಾಗಿಯೇ ಇದೆ. ಮುತ್ತುಗದ ಪತ್ರಾವಳಿಯಲ್ಲಿ ಉಂಡ ನಮ್ಮ ಹಿರಿಯರು ತಿಪ್ಪೆಗೆ ಎಸೆದುದನ್ನು ಮತ್ತೆ ನೆನೆಯಬೇಕಾಗಿರಲಿಲ್ಲ. ಕರ್ನಾಟಕವು 2016ರಲ್ಲಿ, ಭಾರತ ಸರಕಾರವು 2022ರ ಜುಲೈ 1ರಿಂದ, ಪ್ಲಾಸ್ಟಿಕ್ಕಿನ ತಾಟು ಲೋಟ ಚಮಚಗಳನ್ನು ನಿಷೇಧಿಸಿದ ಮೇಲೆ, ಬನಹಟ್ಟಿಯ ಕಾಡಸಿದ್ಧೇಶ್ವರನ ಜಾತ್ರೆಯಂತಹ ಜನಸಂದಣಿಗೆ ಏನನ್ನು ಬಡಿಸುವ ಪಾತ್ರೆಯನ್ನಾಗಿ ಮಾಡಬೇಕೆಂಬ ಪ್ರಶ್ನೆಗೆ ಸಿಪ್ಪೆಯ ತಾಟು ಸಹಜವಾದ ಉತ್ತರವೆಂದೇ ನನ್ನ ನಂಬಿಕೆ.

ಆದರೂ ಎರಡು ಎಚ್ಚರಿಕೆಗಳನ್ನು ಹೇಳದೆ ವಿಧಿಯಿಲ್ಲ. ಬಿಸಿ ಸಾರಿಗೂ ಎಣ್ಣೆಗೂ ತಾಟು ನೆನೆಯದಿರಲೆಂದು ಕೆಲವು ತಯಾರಕರು ಫ್ಲೋರಿನ್ ಸಂಯುಕ್ತಗಳನ್ನು ಬೆರೆಸುತ್ತ ಬಂದಿದ್ದಾರೆ. ಇಂಗಾಲ-ಫ್ಲೋರಿನ್ನುಗಳ ಆ ಬಂಧವು ಪ್ಲಾಸ್ಟಿಕ್ಕಿಗಿಂತಲೂ ಹಟಮಾರಿ, ಗೊಬ್ಬರದ ಮೂಲಕ ಹೊಲಕ್ಕೂ ನೀರಿಗೂ ಹೋಗುವಂಥದು. ಆಹಾರದ ಕಾಗದಕ್ಕೆ ಲೇಪಿಸುವ ಇಂತಹ ದ್ರವ್ಯಗಳ ಮಾರಾಟ ಅಮೆರಿಕದಲ್ಲಿ ನಿಂತಿತೆಂದು ಅಲ್ಲಿನ ಆಹಾರ ಮತ್ತು ಔಷಧ ಆಡಳಿತವು 2024ರಲ್ಲಿ ಪ್ರಕಟಿಸಿತು. ನಮ್ಮ ಗ್ರಾಹಕರೂ ಕೊಳ್ಳುವ ಮುನ್ನ ಈ ಪ್ರಶ್ನೆಯನ್ನು ಕೇಳಬೇಕು. ಎರಡನೆಯದು, ಗೊಬ್ಬರವಾಗಬಲ್ಲದೆಂಬ ಮುದ್ರೆಯ ಅರ್ಥ. ಸುಮಾರು 58 ಡಿಗ್ರಿ ಸೆಲ್ಸಿಯಸ್ ಶಾಖದ ಗೊಬ್ಬರದಲ್ಲಿ 180 ದಿನಗಳೊಳಗೆ ವಸ್ತುವಿನ ಇಂಗಾಲದ ನೂರಕ್ಕೆ 90 ಪಾಲು ಇಂಗಾಲದ ಡೈಆಕ್ಸೈಡಾಗಬೇಕೆಂಬುದು ಆ ಪರೀಕ್ಷೆ. ಮೆಕ್ಕೆಜೋಳ ಅಥವಾ ಕಬ್ಬಿನ ಸಕ್ಕರೆಯನ್ನು ಹುದುಗಿಸಿ ಮಾಡುವ ಪಾಲಿಲ್ಯಾಕ್ಟಿಕ್ ಆಮ್ಲದ ಲೋಟವು ಆ ಶಾಖದಲ್ಲಿ ಕರಗೀತೇ ಹೊರತು ಚರಂಡಿಯ ತಂಪಿನಲ್ಲಿ ಬಹುಕಾಲ ಹಾಗೆಯೇ ಬಿದ್ದಿರುವುದು. ಸಿಪ್ಪೆಯ ತಾಟು ತಂಪಿನಲ್ಲಿಯೂ ಕೊಳೆಯುವುದಾದರೂ, ಗಾಳಿಯಾಡದ ಕಸದ ಗುಡ್ಡೆಯ ತಳದಲ್ಲಿ ಮೀಥೇನನ್ನು ಬಿಡುತ್ತದೆ.

ಉರುವಲಾಗಿ ಉಪಯೋಗಕ್ಕೆ ಬರುತ್ತಿರುವ ಸಿಪ್ಪೆಯನ್ನು ತಾಟಿಗೆ ಕೊಟ್ಟರೆ ಕಾರ್ಖಾನೆಯ ಬಾಯ್ಲರಿಗೆ ಗತಿಯೇನೆಂದು ಕೇಳುವವರುಂಟು. ನ್ಯಾಯವಾದ ಪ್ರಶ್ನೆಯೇ, ಏಕೆಂದರೆ ಆ ಸ್ಥಾನದಲ್ಲಿ ಕಲ್ಲಿದ್ದಲು ಉರಿದರೆ ಲಾಭವೆಲ್ಲ ಹೊಗೆಯಾಯಿತು. ಆದರೆ ಸಿಪ್ಪೆಯೆಲ್ಲವೂ ನಾರಲ್ಲ. ಅದರ ಒಂದು ಗಣನೀಯ ಭಾಗ ಬೆಂಡು, ತಿರುಳು ಮಾಡುವ ಕೆಲಸಕ್ಕೆ ಅದು ತೊಡಕೇ ಆಗುವುದರಿಂದ ಮೊದಲೇ ಬೇರ್ಪಡಿಸಿ ಬಾಯ್ಲರಿಗೆ ಹಿಂದಿರುಗಿಸುತ್ತಾರೆ.

ಇನ್ನು ಉಂಡ ತಾಟು ಎಲ್ಲಿಗೆ ಹೋಗಬೇಕು? ಆ 58 ಡಿಗ್ರಿಯ ಶಾಖವನ್ನು ಬೇರೆಲ್ಲಿಯೂ ಹುಡುಕಬೇಕಾಗಿಲ್ಲ. ರಸವನ್ನು ಶುದ್ಧಿಗೊಳಿಸುವಾಗ ಉಳಿಯುವ ಕಪ್ಪು ಪ್ರೆಸ್‌ಮಡ್ಡು ಕಬ್ಬಿನ ತೂಕದ ನೂರಕ್ಕೆ 3-4 ಪಾಲಿರುತ್ತದೆ. ಅದನ್ನು ಉದ್ದನೆಯ ರಾಶಿಗಳಾಗಿ ಹಾಕಿ, ಕಾಕಂಬಿಯಿಂದ ಮದ್ಯಸಾರ ತೆಗೆದ ಮೇಲಿನ ಕೊಳಚೆಯನ್ನು ಚಿಮುಕಿಸಿ, ಆಗಾಗ ಮಗುಚಿ ಗೊಬ್ಬರ ಮಾಡುವ ಪದ್ಧತಿ ಸಕ್ಕರೆ ಕಾರ್ಖಾನೆಗಳಲ್ಲಿ ರೂಢಿಯಾಗಿದೆ, ರಾಶಿಯ ಒಡಲು ತಾನಾಗಿಯೇ ಬೇಕಾದ ಶಾಖಕ್ಕೆ ಏರುತ್ತದೆ. ಪ್ರೆಸ್‌ಮಡ್ಡಿನಲ್ಲಿ ಸಾರಜನಕ ಹೆಚ್ಚು. ಸಿಪ್ಪೆಯ ತಾಟಿನಲ್ಲಿ ಇಂಗಾಲವೇ ಹೆಚ್ಚು. ಒಂದು ಪಾಲು ಸಾರಜನಕಕ್ಕೆ 25ರಿಂದ 30 ಪಾಲು ಇಂಗಾಲವಿದ್ದಾಗಲೇ ಗೊಬ್ಬರ ಚೆನ್ನಾಗಿ ಪಕ್ವವಾಗುವುದರಿಂದ, ಜಾತ್ರೆ ಮದುವೆಗಳ ತಾಟುಗಳನ್ನು ಪ್ಲಾಸ್ಟಿಕ್ ಬೆರಸದೆ ಕೂಡಿಸಿ, ಹರಿದು ಚೂರು ಮಾಡಿ ಆ ರಾಶಿಗೆ ಸೇರಿಸಿದರೆ ಎರಡರ ಕೊರತೆಯೂ ಒಂದರಿಂದೊಂದು ತುಂಬುತ್ತದೆ. ಕಬ್ಬಿನ ಒಣಗರಿಯಾದ ರವದಿಯನ್ನು ಸುಟ್ಟು ಸುಟ್ಟು ಬಡವಾಗಿಸಿ, ನೀರನ್ನು ಮಿತಿಮೀರಿ ಹರಿಸಿ ಸವಳು ಹಿಡಿಸಿರುವ ನದೀತೀರದ ಹೊಲಗಳಿಗೆ ಸಲ್ಲಬೇಕಾದ ಸಾವಯವಾಂಶವೂ ಅಷ್ಟರಮಟ್ಟಿಗೆ ಸಂದಾಯವಾಗುತ್ತದೆ.